ಸೊನ್ನೆಯ ಬಲದ ಚೌಕ

ನೋಡಲು ಆ ಹಾಳೆ ತೀರಾ ಬಡಪಾಯಿಯಾಗಿತ್ತು. ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ, ನಾಲ್ಕು ಚೌಕ. ಮೇಲಿನೆರಡರಲ್ಲಿ ‘ಬಲ’, ‘ದೌರ್ಬಲ್ಯ’. ಕೆಳಗಿನೆರಡರಲ್ಲಿ ‘ಅವಕಾಶ’, ‘ಅಪಾಯ’. ಮಕ್ಕಳು ಕುಂಟಾಟಕ್ಕೆ ನೆಲದ ಮೇಲೆ ಗೀಚುವ ಗೆರೆಗಳಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇಷ್ಟು ಸಣ್ಣ ಹಾಳೆ ಸಂಜೆಯೊಳಗೆ ಒಂದು ಸಂಸಾರವನ್ನು ಬುಡಮೇಲು ಮಾಡೀತು ಎಂದು ಬೆಳಗಿನ ಐದೂಕಾಲಿಗೆ, ಹಲ್ಲುಜ್ಜುತ್ತಿರುವ ಮನುಷ್ಯನಿಗೆ ಹೇಗೆ ತಾನೆ ಹೊಳೆಯಬೇಕು.

ಆ ಮನುಷ್ಯನನ್ನು ಕಾರ್ಖಾನೆಯಲ್ಲಿ ಎಲ್ಲರೂ ‘ಸೊನ್ನೆ’ ಎಂದು ಕರೆಯುತ್ತಿದ್ದರು. ಬೈಗುಳವಲ್ಲ, ಅದು ಅವನ ಕೆಲಸ. ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ತೂಕದ ಯಂತ್ರಗಳು. ಪ್ರತಿ ಯಂತ್ರವೂ ಕೊನೆಗೆ ಅವನ ಮೇಜಿಗೆ ಬರಬೇಕು. ತಟ್ಟೆಯ ಮೇಲೆ ಏನೂ ಇಲ್ಲದಾಗ ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ ನಿಲ್ಲುತ್ತದೆಯೇ ಎಂದು ಅವನು ಬಗ್ಗಿ ನೋಡಬೇಕು, ನಿಂತರೆ ಒಂದು ಹಸಿರು ಚೀಟಿ ಅಂಟಿಸಬೇಕು. ಹದಿಮೂರು ವರ್ಷದಿಂದ ಅವನು ದಿನಕ್ಕೆ ತೊಂಬತ್ತು ಸಲ, ಏನೂ ಇಲ್ಲದಿರುವುದು ನಿಜವಾಗಿಯೂ ಏನೂ ಇಲ್ಲವೇ ಎಂದು ಖಚಿತಪಡಿಸುತ್ತ ಬಂದಿದ್ದ.

ಹಾಳೆಯ ಮೂಲ ಇಷ್ಟು. ಕಾರ್ಖಾನೆಯವರು ಒಬ್ಬ ಸಲಹೆಗಾರ್ತಿಯನ್ನು ಕರೆಸಿದ್ದರು. ಅವಳು ಮೂರು ದಿನ ಕೂತು ಇಡೀ ಕಾರ್ಖಾನೆಯ ‘ಸ್ವಾಟ್ ವಿಶ್ಲೇಷಣೆ’ ಮಾಡಿದಳು. ಅಂದರೆ, ನಮ್ಮ ಬಲವೇನು, ದೌರ್ಬಲ್ಯವೇನು, ಮುಂದೆ ಅವಕಾಶವೇನು, ಅಪಾಯವೇನು ಎಂದು ನಾಲ್ಕು ಚೌಕದಲ್ಲಿ ಬರೆಯುವುದು. ಕಾರ್ಖಾನೆಯ ದೌರ್ಬಲ್ಯದ ಚೌಕದಲ್ಲಿ ಒಂದೇ ಮಾತು ಬಂತು: ಕಲ್ಲುಗಣಿಯ ಡಿಪೊ. ಬಸ್ಸಿನಲ್ಲಿ ಹನ್ನೆರಡು ಗಂಟೆ ಕಾಲ ಹೋದರೆ ಸಿಗುವ ದೂರದ ಜಾಗ ಅದು. ಲಾರಿಗಳನ್ನು ತೂಗುವ ದೊಡ್ಡ ಯಂತ್ರಗಳನ್ನು ಅಲ್ಲಿ ರಿಪೇರಿ ಮಾಡುತ್ತಾರೆ. ತೂಕ ಜಾಸ್ತಿ ಬಂದ ಲಾರಿಯವನು ಯಂತ್ರವನ್ನು ಬೈಯುವುದಿಲ್ಲ, ಯಂತ್ರದ ಪಕ್ಕ ನಿಂತವನನ್ನು ಬೈಯುತ್ತಾನೆ. ಒಂದು ವರ್ಷದಲ್ಲಿ ಮೂವರನ್ನು ಅಲ್ಲಿಗೆ ಕಳಿಸಿದ್ದರು. ಮೊದಲನೆಯವನು ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದ. ಎರಡನೆಯವನು ಕೂಗಿ ಕೂಗಿ ಗಂಟಲು ಕಳಕೊಂಡು ಬಂದ. ಮೂರನೆಯವನು ಡಿಪೊದಿಂದ ಹೊರಟನಂತೆ, ಮನೆಗೆ ಮಾತ್ರ ಇನ್ನೂ ಮುಟ್ಟಿಲ್ಲ.

ನಾಲ್ಕನೆಯವನು ಬೇಕಿತ್ತು. ಅದಕ್ಕೆ ಪ್ರತಿಯೊಬ್ಬ ಕೆಲಸಗಾರನೂ ತನ್ನ ಹಾಳೆ ತುಂಬಿಸಿ ಇವತ್ತು ಸಂಜೆ ಐದಕ್ಕೆ ಕೊಡಬೇಕೆಂದು ಆಜ್ಞೆಯಾಯಿತು. ಹಾಳೆಯ ಕೆಳಗೆ ಎರಡು ನಿಯಮ. ಒಂದು, ತನ್ನ ಬಗ್ಗೆ ತಾನೇ ಏನನ್ನೂ ಬರೆಯುವಂತಿಲ್ಲ, ಬಲ್ಲವರು ಬರೆದು ಸಹಿ ಹಾಕಬೇಕು. ಎರಡು, ನಾಲ್ಕೂ ಚೌಕ ತುಂಬಿದ ಹಾಳೆಗಳನ್ನು ಮಾತ್ರ ಪರಿಗಣಿಸಲಾಗುವುದು.

ಎರಡನೆಯ ನಿಯಮವನ್ನು ಎಲ್ಲರಿಗೂ ಬಿಡಿಸಿ ಹೇಳಿದವನು ಸ್ಪ್ರಿಂಗ್. ಸೊನ್ನೆಯ ಪಕ್ಕದ ಮೇಜಿನಲ್ಲಿ ಯಂತ್ರದ ಸ್ಪ್ರಿಂಗ್ ಎಳೆದು ಬಿಟ್ಟು ನೋಡುವುದು ಅವನ ಕೆಲಸ. ಮಾತೂ ಹಾಗೇ, ಎಳೆದಷ್ಟೂ ಉದ್ದ.

‘ಪರಿಗಣಿಸೋದು ಅಂದ್ರೆ ಇಲ್ಲೇ ಉಳಿಸ್ಕೊಳ್ಳೋಕೆ ಪರಿಗಣಿಸೋದು,’ ಎಂದಿದ್ದ. ‘ಬಲದ ಚೌಕ ಖಾಲಿ ಇರೋನ್ನ ಯಾಕೆ ಇಟ್ಕೋತಾರೆ? ಎತ್ತಿ ಡಿಪೊಗೆ ಎಸೀತಾರೆ. ಇಷ್ಟೂ ಗೊತ್ತಾಗಲ್ವಾ.’

ಸೊನ್ನೆಗೆ ಗೊತ್ತಾಯಿತು. ರಾತ್ರಿಯೆಲ್ಲ ಗೊತ್ತಾಗುತ್ತಲೇ ಇತ್ತು.

ಡಿಪೊಗೆ ಹೋದರೆ ತಿಂಗಳಿಗೆ ಎರಡು ದಿನ ಮನೆ. ಮನೆಯಲ್ಲಿ ಅತ್ತೆ, ಎಂದರೆ ಹೆಂಡತಿಯ ತಾಯಿ, ಸೊಂಟದಿಂದ ಕೆಳಗೆ ಆಡದೆ ಎರಡು ವರ್ಷವಾಗಿದೆ. ಬೆಳಿಗ್ಗೆ ಅವರನ್ನು ಹಾಸಿಗೆಯಿಂದ ಎತ್ತಿ ಕಿಟಕಿ ಪಕ್ಕದ ಕುರ್ಚಿಗೆ, ಸಂಜೆ ಕುರ್ಚಿಯಿಂದ ಎತ್ತಿ ಹಾಸಿಗೆಗೆ. ಹೆಂಡತಿ ಆರು ಗಂಟೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿರಬೇಕು. ಸಂಜೆಯವರೆಗೆ ಒದ್ದೆ ಚಾದರ ಹಿಂಡಿ ಬಂದ ಅವಳ ಮಣಿಕಟ್ಟಿಗೆ ಚಹಾದ ಲೋಟ ಎತ್ತುವುದೇ ಹೆಚ್ಚು. ಎಂಟು ವರ್ಷದ ಮಗಳಿಗೆ ಎರಡು ಜಡೆ ಹಾಕಿ ಶಾಲೆಗೆ ಬಿಡುವವನೂ ಅವನೇ. ಅವನು ಹೋದರೆ ಆ ಮನೆಯಲ್ಲಿ ಅತ್ತೆ ಎಲ್ಲಿದ್ದಾರೋ ಅಲ್ಲೇ ಇರಬೇಕು, ಮಗಳ ತಲೆಯೂ ಹೇಗಿದೆಯೋ ಹಾಗೇ.

ಇದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಹೇಳಲು ಎರಡು ಸಲ ಬಾಯಿ ತೆರೆದಿದ್ದ. ಎರಡು ಸಲವೂ ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು.

ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಅವಳು ಮೇಜಿನ ಮೇಲಿನ ಹಾಳೆ ನೋಡಿದಳು.

‘ರೀ, ಇದೇನು?’

‘ಕೆಲಸದ ಕಡೆಯದು. ನನ್ನ ಬಗ್ಗೆ ಬೇರೆಯವರು ಬರೀಬೇಕಂತೆ. ನೀನೊಂದು ಸಾಲು…’

ಅವಳು ಹಾಳೆ ಎತ್ತಿಕೊಂಡು ‘ದೌರ್ಬಲ್ಯ’ ಎಂಬಲ್ಲಿಗೆ ಬಂದವಳು, ಚಪ್ಪಲಿ ಬಿಚ್ಚಿ, ಕುರ್ಚಿ ಎಳೆದು ಕೂತಳು. ಆ ಹೊತ್ತಿನಲ್ಲಿ ಹೆಂಡತಿ ಕೂತದ್ದನ್ನು ಅವನು ವರ್ಷಗಳಿಂದ ನೋಡಿರಲಿಲ್ಲ. ಪೆನ್ನು ಒಂದು ಸಲವೂ ನಿಲ್ಲಲಿಲ್ಲ.

‘ಹಾಲು ಉಕ್ಕುವುದನ್ನು ನಿಂತು ನೋಡುತ್ತಾರೆ, ಒಲೆ ಆರಿಸುವುದಿಲ್ಲ. ಏನು ಕೇಳಿದರೂ “ಹೂಂ” ಅನ್ನುತ್ತಾರೆ, ಯಾವ “ಹೂಂ” ಎಂದು ತಿಳಿಯುವುದಿಲ್ಲ. ಒದ್ದೆ ಟವೆಲ್.’

ಕೊನೆಯದಕ್ಕೆ ವಿವರಣೆ ಬೇಕಿಲ್ಲವೆಂದು ಅವಳಿಗೆ ಅನ್ನಿಸಿರಬೇಕು. ಸಹಿ ಹಾಕಿ ಎದ್ದಳು.

‘ಬಲ?’ ಎಂದ ಸೊನ್ನೆ.

‘ಅದಕ್ಕೆ ಟೈಮ್ ಬೇಕು.’

‘ಮದುವೆಯಾಗಿ ಹನ್ನೊಂದು ವರ್ಷ ಆಯ್ತಲ್ಲೇ.’

‘ಅದಕ್ಕೇ ಹೇಳ್ತಿರೋದು. ಹನ್ನೊಂದು ವರ್ಷಾನೂ ಹುಡುಕ್ಬೇಕಲ್ಲ. ಬಟ್ಟೆ ಹಿಂಡ್ತಾ ಯೋಚನೆ ಮಾಡಿರ್ತೀನಿ, ಸಂಜೆ ಹೇಳ್ತೀನಿ.’

‘ಐದಕ್ಕೇ ಕೊಡ್ಬೇಕು.’

‘ಹಾಗಾದ್ರೆ ಅಮ್ಮನ್ನ ಕೇಳಿ,’ ಎಂದು ಅವಳು ಮೆಟ್ಟಿಲಿಳಿದಳು.

ಸೊನ್ನೆ ಅತ್ತೆಯ ಕಂಕುಳಿಗೆ ಕೈ ಕೊಟ್ಟು, ಉಸಿರು ಬಿಗಿಹಿಡಿದು, ಒಂದು ಎರಡು ಮೂರು ಎಂದು ಎತ್ತಿದ. ಹಾಸಿಗೆಗೂ ಕುರ್ಚಿಗೂ ನಡುವೆ ಗಾಳಿಯಲ್ಲಿರುವಾಗಲೇ ಅತ್ತೆ ಕೇಳಿದರು: ‘ಅವಳೇನೋ ಬರೆದು ಹೋದಳಂತಲ್ಲ ಅಳಿಯಂದಿರೇ, ನನ್ನದೂ ಎರಡು ಮಾತಿದೆ.’

ಅತ್ತೆಗೆ ಕಣ್ಣು ಮಂಜು. ಬರೆಯುವ ಕೆಲಸ ಮೊಮ್ಮಗಳ ಪಾಲಿಗೆ ಬಂತು. ಸೊನ್ನೆ ಮಗಳ ಹಿಂದೆ ಕೂತು ಕೂದಲು ಬಾಚಿ ಮೂರು ಎಳೆ ಮಾಡಿಕೊಂಡ. ಹೀಗೆ ಅವನು ಜಡೆ ಹೆಣೆಯುತ್ತಿರುವಾಗ, ಆ ಜಡೆಯ ಮುಂಭಾಗದಲ್ಲಿ ಅವನ ದೌರ್ಬಲ್ಯಗಳು ದುಂಡಗಿನ ಅಕ್ಷರದಲ್ಲಿ ಒಂದೊಂದಾಗಿ ಇಳಿಯತೊಡಗಿದವು.

‘ಬರ್ಕೋ ಪುಟ್ಟಿ. ನನ್ನ ಎತ್ತುವಾಗ ಉಸಿರು ಬಿಗಿ ಹಿಡೀತಾರೆ. ಭಾರ ಜಾಸ್ತಿ ಅಂತ ತೋರಿಸೋಕೆ.’

‘ಆಯ್ತು ಅಜ್ಜಿ. ಆಮೇಲೆ?’

‘ಯಾರು ಎಷ್ಟು ಬೈದ್ರೂ ತಿರುಗಿ ಬೈಯಲ್ಲ. ಬೈಯೋರು ಒಬ್ರೇ ಎಷ್ಟು ಹೊತ್ತು ಬೈಬೇಕು? ಜಗಳ ಅನ್ನೋದು ಅರ್ಧಕ್ಕೇ ನಿಂತೋಗತ್ತೆ. ಮನಸ್ಸಿಗೆ ಸಮಾಧಾನಾನೇ ಇರಲ್ಲ.’

‘ಇದು ದೌರ್ಬಲ್ಯಾನಾ ಅಜ್ಜಿ?’

‘ದೊಡ್ಡ ದೌರ್ಬಲ್ಯ. ಬರಿ.’

‘ಅತ್ತೆ,’ ಎಂದ ಸೊನ್ನೆ, ಬಾಯಲ್ಲಿದ್ದ ಹೇರ್‌ಪಿನ್ ತೆಗೆದು, ‘ಬಲದ ಚೌಕದಲ್ಲೂ ಒಂದು…’

‘ಬಲ ಇದ್ದಿದ್ರೆ ಉಸಿರು ಯಾಕೆ ಬಿಗಿ ಹಿಡೀತಿದ್ರಿ?’ ಅತ್ತೆಯ ತರ್ಕದಲ್ಲಿ ಬಿರುಕಿರಲಿಲ್ಲ. ‘ಅವಕಾಶ ಅಂತ ಒಂದಿದೆಯಲ್ಲ, ಅಲ್ಲಿ ಬರ್ಕೋ ಪುಟ್ಟಿ: ಮುಂದಿನ ಜನ್ಮದಲ್ಲಿ ನೋಡೋಣ.’

ಎರಡು ಚೌಕ ತುಂಬಿದವು. ಅತ್ತೆ ಎಲ್ಲಿ ಸಹಿ ಹಾಕಬೇಕೆಂದು ಕೇಳಿ, ಬೆರಳಿಂದ ತಡವಿ, ನಾಲ್ಕು ನಿಮಿಷ ತೆಗೆದುಕೊಂಡು ಸಹಿ ಹಾಕಿದರು.

ಮಗಳ ಕೈ ಹಿಡಿದು ಮೆಟ್ಟಿಲಿಳಿಯುವಾಗ ಎರಡನೇ ಮಹಡಿಯಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಕೆಂಪು ಪೆನ್ನು ಇನ್ನೂ ಜೇಬಿನಲ್ಲೇ ಇತ್ತು. ವಿದ್ಯಾವಂತರು, ಒಂದು ಒಳ್ಳೆಯ ಮಾತು ಬರೆದಾರು ಎಂದು ಸೊನ್ನೆ ಹಾಳೆ ಚಾಚಿದ.

ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ಅರವತ್ತು ಮಕ್ಕಳ ತರಗತಿಯ ಕೊನೆಯ ಬೆಂಚಿಗೆ ಮುಟ್ಟುತ್ತಿದ್ದ ದನಿ ಅದು. ‘ಒದ್ದೆ ಟವೆಲ್’ ಎಂಬಲ್ಲಿಗೆ ಬರುವಷ್ಟರಲ್ಲಿ ಮೇಲೂ ಕೆಳಗೂ ಬಾಗಿಲುಗಳು ತೆರೆದವು.

‘ಏನು ಮೇಷ್ಟ್ರೇ ಅದು?’

‘ಇವರ ದೌರ್ಬಲ್ಯ ಬರೆದು ಕೊಡಬೇಕಂತೆ.’

‘ಹೌದಾ? ಇರಿ, ಕನ್ನಡಕ ತರ್ತೀನಿ.’

ಕೆಳಮನೆಯ ಟೈಲರಮ್ಮ ಸೂಜಿ ಚುಚ್ಚಿದ ರವಿಕೆಯಲ್ಲೇ ಬಂದರು. ‘ಹಳೇ ಶರ್ಟಿನ ಕಾಲರ್ ತಿರುಗಿಸಿ ಹೊಲಿಸುತ್ತಾರೆ. ಒಂದೇ ಶರ್ಟಿಗೆ ಮೂರು ಸಲ.’ ನಾಲ್ಕನೇ ಮಹಡಿಯಿಂದ ಒಬ್ಬರು ಕಂಬಿಯಲ್ಲಿ ಬಗ್ಗಿ, ‘ಎರಡು ವರ್ಷದ ಹಿಂದೆ ನೀರಿನ ಮೋಟರ್ ಆಫ್ ಮಾಡೋದು ಮರೆತಿದ್ರಲ್ಲ, ಅದು ಬಂತಾ?’ ಎಂದು ಕೇಳಿದರು. ಬಂದಿರಲಿಲ್ಲ, ಬಂತು. ಹೊಸದಾಗಿ ಬಾಡಿಗೆಗೆ ಬಂದವನೊಬ್ಬ ಎಲ್ಲರೂ ಬರೆಯುತ್ತಿರುವುದನ್ನು ನೋಡಿ ಸಂಕೋಚದಿಂದ ಪೆನ್ನು ಕೇಳಿ ಪಡೆದು, ‘ನನಗೆ ಇವರ ಪರಿಚಯವಿಲ್ಲ’ ಎಂದು ಬರೆದು ಸಹಿ ಹಾಕಿದ. ಚೌಕದಲ್ಲಿ ಜಾಗ ಮುಗಿಯಿತು. ಟೈಲರಮ್ಮ ಮನೆಗೆ ಹೋಗಿ ಹಾಳೆಗಳನ್ನು ತಂದು ತಮ್ಮ ಗುಂಡುಸೂಜಿಯಿಂದಲೇ ಜೋಡಿಸಿದರು.

ಮೇಷ್ಟ್ರು ಕೊನೆಗೆ ‘ಅಪಾಯ’ ಎಂಬ ಚೌಕ ನೋಡಿ ಸೊನ್ನೆಯನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ‘ಇವರಿಂದ ಯಾರಿಗೂ ಅಪಾಯವಿಲ್ಲ,’ ಎಂದು ಬರೆದರು. ಆಮೇಲೆ ಮಗಳ ಕಾಗುಣಿತವನ್ನೆಲ್ಲ ತಿದ್ದಿ, ಮೂಲೆಯಲ್ಲಿ ಇಪ್ಪತ್ತೈದಕ್ಕೆ ಮೂರು ಎಂದು ಅಂಕ ಕೊಟ್ಟರು.

‘ಮೇಷ್ಟ್ರೇ, ಆ ಮೂರು ಯಾವುದಕ್ಕೆ?’ ಸೊನ್ನೆಯ ದನಿಯಲ್ಲಿ ಆಸೆ ಇಣುಕಿತು.

‘ಹಾಳೆ ಮಡಚದೆ ತಂದಿದ್ದಕ್ಕೆ.’

‘ಹಾಗಾದ್ರೆ ಅದನ್ನೇ ಬಲ ಅಂತ ಬರೀಬಹುದಲ್ಲ?’

ಮೇಷ್ಟ್ರು ಯೋಚಿಸಿದರು. ‘ಅದು ಹಾಳೆಯ ಬಲ,’ ಎಂದರು. ‘ಪುರಾವೆ ಇಲ್ಲದೆ ಅರ್ಧ ಅಂಕ ಕೊಟ್ಟೋನಲ್ಲ ನಾನು.’

ಅಪ್ಪ ಮಗಳು ಓಡಿದರು. ಶಾಲೆ ಕಾರ್ಖಾನೆಯ ಪಕ್ಕದ ಬೀದಿಯಲ್ಲೇ ಇತ್ತು. ಮಗಳು ಗೇಟಿನೊಳಗೆ ನುಗ್ಗುವ ಮುನ್ನ ತಿರುಗಿ, ‘ಅಪ್ಪಾ, ಬಲದ್ದು ಖಾಲಿ ಇದೆ,’ ಎಂದಳು.

‘ಗೊತ್ತು ಪುಟ್ಟಿ. ಹೋಗು.’

ಕಾರ್ಖಾನೆಯಲ್ಲಿ ಅಂದು ಯಂತ್ರಗಳಿಗಿಂತ ಹೆಚ್ಚು ಹಾಳೆಗಳು ಓಡಾಡುತ್ತಿದ್ದವು. ನೀನು ನನ್ನ ಬಲ ಬರೆ, ನಾನು ನಿನ್ನ ಬಲ ಬರೆಯುತ್ತೇನೆ ಎಂದು ಜೋಡಿ ಜೋಡಿಯಾಗಿ ಜನ ಮೂಲೆ ಹಿಡಿದಿದ್ದರು. ಸ್ಪ್ರಿಂಗ್ ಆಗಲೇ ಪೆನ್ನು ಬಿಚ್ಚಿ ಕಾಯುತ್ತಿದ್ದ.

‘ಬಾ ಮಾರಾಯ. ಮೊದಲು ನನ್ನದು ಬರಿ, ಆಮೇಲೆ ನಿನ್ನದು. ಜೋಪಾನ, ಬಲದಲ್ಲಿ ಮಾತ್ರ. ದೌರ್ಬಲ್ಯಕ್ಕೆ ಕೈ ಹಚ್ಚಬೇಡ.’ ಅವನು ಆ ಚೌಕವನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ.

‘ಅದನ್ನ ಖಾಲಿ ಬಿಡ್ತೀಯಾ?’

‘ಬಿಡ್ದೆ? ಇಲ್ಲದ್ದನ್ನ ಎಲ್ಲಿಂದ ತರೋಣ. ನಿಯಮ ಏನೇ ಇರ್ಲಿ, ದೌರ್ಬಲ್ಯಾನೇ ಇಲ್ದೋನ್ನ ಯಾರು ಡಿಪೊಗೆ ಎಸೀತಾರೆ? ಇವತ್ತು ಇಲ್ಲಿ ಯಾರ ಹಾಳೆ ನೋಡಿದ್ರೂ ಅಷ್ಟೇ. ತನ್ನ ಹುಳುಕನ್ನ ತಾನೇ ಬರೆಸ್ಕೊಂಡು ಬರೋ ಪೆದ್ದ ಯಾರಿದ್ದಾನೆ?’

ಸೊನ್ನೆ ಗುಂಡುಸೂಜಿ ಹಾಕಿದ ತನ್ನ ಕಟ್ಟನ್ನು ಬೆನ್ನ ಹಿಂದೆ ಸರಿಸಿ, ಸ್ಪ್ರಿಂಗ್‌ನ ಹಾಳೆ ಎಳೆದುಕೊಂಡ. ಮನಸ್ಸಿಟ್ಟು ಬರೆದ. ‘ಸಹೋದ್ಯೋಗಿಗಳಿಗೆ ನೆರವಾಗುವವರು. ಸಮಯ ಪಾಲಿಸುವವರು. ಎಂಥ ಸಂದರ್ಭದಲ್ಲೂ ಸುಳ್ಳು ಹೇಳದವರು, ಬರೆಯದವರು.’ ಕೊನೆಯ ಮಾತನ್ನು ಬರೀ ಗೆಳೆತನಕ್ಕೆ ಬರೆದುಬಿಟ್ಟ. ಸ್ಪ್ರಿಂಗ್ ಅದನ್ನು ಮೂರು ಸಲ ಓದಿ, ಎದೆಯುಬ್ಬಿಸಿ, ಮಡಚಿ ಜೇಬಿಗಿಟ್ಟ.

‘ಈಗ ನನ್ನದು,’ ಎಂದ ಸೊನ್ನೆ.

ಸ್ಪ್ರಿಂಗ್ ಕಟ್ಟು ತೆಗೆದುಕೊಂಡು ಹಾಳೆ ತಿರುವಿದ. ತಿರುವಿದ. ಮತ್ತೆ ತಿರುವಿದ.

‘ಎಷ್ಟು ಹಾಳೆ ಇದು?’

‘ಐದು.’

‘ಇದರಲ್ಲಿ ಒಂದು ಒಳ್ಳೆ ಮಾತಿಲ್ವಲ್ಲೋ.’

‘ಅದಕ್ಕೇ ನಿನ್ನ ಹತ್ರ ಬಂದಿದ್ದು.’

ಸ್ಪ್ರಿಂಗ್ ಪೆನ್ನನ್ನು ಬಲದ ಚೌಕದ ಮೇಲೆ ತಂದ. ಪೆನ್ನು ಅಲ್ಲೇ ನಿಂತಿತು. ಹಸಿವಾದ ಕಾಗೆ ತಂತಿಯ ಮೇಲೆ ಕೂತ ಹಾಗೆ ಬಹಳ ಹೊತ್ತು ನಿಂತಿತು. ಕೊನೆಗೆ ಅವನು ನಿಟ್ಟುಸಿರಿಟ್ಟು ಪೆನ್ನು ಮುಚ್ಚಿದ.

‘ಬೇಜಾರು ಮಾಡ್ಕೋಬೇಡ. ನನ್ನ ಕೈಲಿ ಆಗಲ್ಲ.’

‘ಯಾಕೋ? ಏನಾದ್ರೂ ಬರಿ. ಬುದ್ಧಿವಂತ ಅಂತ ಬರಿ.’

‘ಅದೇ ಕಷ್ಟ. ನೀನೇ ಬರೆದು ಸಹಿ ಹಾಕಿದ್ದೀಯಲ್ಲ, ಎಂಥ ಸಂದರ್ಭದಲ್ಲೂ ಸುಳ್ಳು ಬರೆಯಲ್ಲ ಅಂತ. ಈಗ ಬರೆದ್ರೆ ನನ್ನ ಬಲಾನೇ ಹೋಗ್ಬಿಡತ್ತೆ.’ ಎದ್ದು ಹೋಗುವ ಮುನ್ನ ಏನೋ ನೆನಪಾದವನಂತೆ ಬಗ್ಗಿ, ಐದನೇ ಹಾಳೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿದ: ‘ಯಾರನ್ನಾದರೂ ಬೇಗ ನಂಬಿಬಿಡುತ್ತಾನೆ.’

ಊಟದ ಹೊತ್ತಿನಲ್ಲಿ ಸೊನ್ನೆ ಬಣ್ಣದ ವಿಭಾಗ ಸುತ್ತಿದ, ಪ್ಯಾಕಿಂಗ್ ವಿಭಾಗ ಸುತ್ತಿದ. ಎಲ್ಲರಿಗೂ ಜೋಡಿ ಸಿಕ್ಕಾಗಿತ್ತು. ಮೂರು ಗಂಟೆಗೆ, ಎಂದೂ ಮಾಡದ ಧೈರ್ಯ ಮಾಡಿ, ಮ್ಯಾನೇಜರ ಬಾಗಿಲು ತಟ್ಟಿದ.

‘ಯಾವ ಸೆಕ್ಷನ್ನು ನೀವು?’ ಎಂದರು ಮ್ಯಾನೇಜರು.

‘ಸೊನ್ನೆ ಪರೀಕ್ಷೆ, ಸರ್. ಹದಿಮೂರು ವರ್ಷ ಆಯ್ತು.’

‘ಇಲ್ಲೇನಾ?’

‘ನಿಮ್ಮ ಕಿಟಕಿಯಿಂದ ಕಾಣೋ ಮೇಜು, ಸರ್. ಅದೋ.’

ಮ್ಯಾನೇಜರು ಕಿಟಕಿಯಲ್ಲಿ ನೋಡಿದರು. ಮೇಜು ಕಂಡಿತು. ‘ಗೊತ್ತಿಲ್ಲದೆ ಬಲ ಬರೆದ್ರೆ ತಪ್ಪಾಗತ್ತೆ. ಗೊತ್ತಿರೋದು ಬರೀತೀನಿ, ಕೊಡಿ,’ ಎಂದು ದೌರ್ಬಲ್ಯದ ಕಟ್ಟಿನಲ್ಲಿ ಜಾಗ ಹುಡುಕಿ, ‘ಕಣ್ಣಿಗೆ ಬೀಳುವುದಿಲ್ಲ’ ಎಂದು ಬರೆದು ಮೊಹರು ಸಹಿತ ಸಹಿ ಹಾಕಿಕೊಟ್ಟರು.

ಸೊನ್ನೆ ತನ್ನ ಮೇಜಿಗೆ ಮರಳಿ ಕೂತ. ಎದುರಿಗೆ ಆಗಷ್ಟೇ ಬಂದ ಹೊಸ ಯಂತ್ರ. ಖಾಲಿ ತಟ್ಟೆ, ಸೊನ್ನೆಯ ಮೇಲೆ ಮುಳ್ಳು. ಹದಿಮೂರು ವರ್ಷದಲ್ಲಿ ಅವನು ಯಾವ ಯಂತ್ರದ ಮೇಲೂ ಏನನ್ನೂ ಇಟ್ಟವನಲ್ಲ, ಅದು ಮುಂದಿನ ಮೇಜಿನವರ ಕೆಲಸ. ಇವತ್ತು ಯಾಕೋ ಆ ಐದು ಹಾಳೆಯ ಕಟ್ಟನ್ನು ತಟ್ಟೆಯ ಮೇಲಿಟ್ಟ. ಮುಳ್ಳು ಅಲುಗಿ, ಇಪ್ಪತ್ತಾರು ಗ್ರಾಂ ತೋರಿಸಿ ನಿಂತಿತು. ಒಂದು ಗ್ರಾಂ ಟೈಲರಮ್ಮನ ಗುಂಡುಸೂಜಿಯದು ಎಂದು ಕಳೆದುಬಿಡೋಣ. ಮಿಕ್ಕದ್ದು ತಾನು. ತನ್ನನ್ನು ಬಲ್ಲವರೆಲ್ಲ ಸೇರಿ ಒಂದು ಬೆಳಗಿನಲ್ಲಿ ಇಷ್ಟು ಬರೆದರು, ಒಬ್ಬರಿಗೂ ಪೆನ್ನು ತಡವರಿಸಲಿಲ್ಲ. ಒಂದೇ ಒಂದು ಚೌಕಕ್ಕೆ ಬಂದಾಗ ಮಾತ್ರ ಎಲ್ಲರ ಪೆನ್ನಿನಲ್ಲೂ ಶಾಯಿ ಮುಗಿಯುತ್ತದೆ. ಅವರೆಲ್ಲ ಸುಳ್ಳು ಬರೆದಿದ್ದಾರೆ ಎಂದುಕೊಳ್ಳಲು ಅವನು ಒಂದೊಂದೇ ಸಾಲನ್ನು ಓದಿ ನೋಡಿದ. ಎಲ್ಲವೂ ನಿಜವಾಗಿತ್ತು. ಟವೆಲ್ ಈಗಲೂ ಹಾಸಿಗೆಯ ಮೇಲೆಯೇ ಇರಬೇಕು.

ನಾಳೆಯಿಂದ ಅತ್ತೆಯನ್ನು ಎತ್ತುವವರು ಯಾರು ಎಂಬ ಯೋಚನೆ ಬಂತು. ಉಸಿರು ಬಿಗಿಹಿಡಿಯದೆ ಎತ್ತಬಲ್ಲ ಯಾರಾದರೂ ಸಿಕ್ಕರೆ ಸಾಕಿತ್ತು. ಯಂತ್ರಕ್ಕೆ ಹಸಿರು ಚೀಟಿ ಅಂಟಿಸಿ ಎದ್ದ.

ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಗೇಟಿನ ಕಾವಲುಗಾರನ ಕೋಣೆಯಲ್ಲಿ ಎಂದಿನಂತೆ ಮಗಳು ಬೆಂಚಿನ ಮೇಲೆ ಮಗ್ಗಿ ಬರೆಯುತ್ತ ಕೂತಿದ್ದಳು. ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಕಾಯುವ ಜಾಗ ಅದು. ಒಂದು ಜಡೆ ಬಿಚ್ಚಿಹೋಗಿತ್ತು. ಸೊನ್ನೆ ಪಕ್ಕದಲ್ಲಿ ಕೂತು ಸುಮ್ಮನೆ ಅದನ್ನು ಮತ್ತೆ ಹೆಣೆಯತೊಡಗಿದ.

‘ಅಪ್ಪಾ, ಬಲದ್ದು ಯಾರು ಬರೆದ್ರು?’

‘ಯಾರಿಗೂ ಪುರುಸೊತ್ತಿರಲಿಲ್ಲ ಪುಟ್ಟಿ.’

‘ನನ್ನ ಮಗ್ಗಿ ಮುಗೀತು.’ ಅವಳು ಕಟ್ಟನ್ನು ಅವನ ತೊಡೆಯಿಂದ ಎಳೆದುಕೊಂಡಳು. ‘ಮಕ್ಕಳು ಬರೀಬಾರದು ಅಂತ ಇದೆಯಾ?’

ಸೊನ್ನೆ ನಿಯಮ ಓದಿದ. ಹಾಗೇನೂ ಇರಲಿಲ್ಲ. ಬಲ್ಲವರು ಎಂದಷ್ಟೇ ಇತ್ತು.

ಅವಳು ನಾಲಿಗೆ ತುದಿ ಹೊರಗೆ ಹಾಕಿ ಬರೆದಳು. ಮಧ್ಯೆ ಒಮ್ಮೆ ಬೆಳಿಗ್ಗೆ ಅಜ್ಜಿ ಹೇಳಿದ್ದನ್ನು ನೋಡಿಕೊಳ್ಳಲು ಹಾಳೆ ತಿರುವಿದಳು. ಮೇಷ್ಟ್ರು ತಿದ್ದಿದ್ದರಿಂದ ಈ ಸಲ ಕಾಗುಣಿತ ಸರಿಯಾಯಿತು.

‘ನಮ್ಮ ಅಪ್ಪ ಎರಡೂ ಜಡೆಯನ್ನು ಸಮ ಹಾಕುತ್ತಾರೆ. ಅಜ್ಜಿಯನ್ನು ಒಂದು ಸಲವೂ ಬೀಳಿಸಿಲ್ಲ. ಯಾರು ಎಷ್ಟು ಬೈದರೂ ತಿರುಗಿ ಬೈಯುವುದಿಲ್ಲ.’ ಕೆಳಗೆ ತನ್ನ ಹೆಸರು, ತರಗತಿ, ಹಾಜರಿ ನಂಬರು.

‘ಅಜ್ಜಿ ಇದನ್ನ ಆ ಕಡೆ ಬರೆಸಿದ್ರು,’ ಎಂದಳು. ‘ಅದು ಈ ಕಡೇದು ಅನ್ಸತ್ತೆ ನನಗೆ.’

ಸೊನ್ನೆ ಆ ಮೂರು ಸಾಲನ್ನು ಎರಡು ಸಲ ಓದಿದ. ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕುವಲ್ಲಿ ನಾಲ್ಕು ಸುತ್ತು ಹಾಕಿ, ಹಾಳೆ ಹಿಡಿದು ಓಡಿದ. ಅಂಗಳ ದಾಟುವ ಆ ಎರಡು ನಿಮಿಷ ಅವನ ಹೆಜ್ಜೆ ನೋಡಿದವರು, ಇವನ ಒಳಗಿನ ಮುಳ್ಳು ಸೊನ್ನೆ ಬಿಟ್ಟು ಕದಲಿದೆ ಎಂದು ಹೇಳಬಹುದಿತ್ತು. ಐದಕ್ಕೆ ಮೂರು ನಿಮಿಷವಿರುವಾಗ ಹಾಳೆ ಸಲಹೆಗಾರ್ತಿಯ ಮೇಜು ಮುಟ್ಟಿತು.

ಐದೂಕಾಲಿಗೆ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿದರು. ಸಲಹೆಗಾರ್ತಿ ಒಂದು ಕೈಯಲ್ಲಿ ದಪ್ಪ ಕಟ್ಟು, ಇನ್ನೊಂದು ಕೈಯಲ್ಲಿ ಗುಂಡುಸೂಜಿ ಹಾಕಿದ ತೆಳು ಕಟ್ಟು ಹಿಡಿದು ನಿಂತಳು. ಮಗಳೂ ಬಂದು ಅಪ್ಪನ ಬೆರಳು ಹಿಡಿದುಕೊಂಡಳು.

‘ಐವತ್ತೆರಡು ಜನರ ಹಾಳೆ ಬಂದಿದೆ,’ ಎಂದಳು ಸಲಹೆಗಾರ್ತಿ. ‘ನಾಲ್ಕೂ ಚೌಕ ತುಂಬಿದ್ದರೆ ಮಾತ್ರ ಪರಿಗಣಿಸೋದು ಅಂತ ಬರೆದಿದ್ವಿ, ಡಿಪೊ ಹುದ್ದೆಗೆ ಅಂತ ಅದರರ್ಥ. ಐವತ್ತೊಂದು ಹಾಳೇಲಿ ದೌರ್ಬಲ್ಯ ಖಾಲಿ ಇದೆ. ಅವನ್ನೆಲ್ಲ ಬದಿಗಿಟ್ಟಿದ್ದೀವಿ. ನೀವೆಲ್ಲ ನಿಮ್ಮ ನಿಮ್ಮ ಮೇಜಿನಲ್ಲೇ ಇರ್ತೀರಿ.’

ಸ್ಪ್ರಿಂಗ್ ಮೆಲ್ಲಗೆ ಸೊನ್ನೆಯ ಕಡೆ ತಿರುಗಿ, ‘ಹಾಗಾ ಅದರರ್ಥ?’ ಎಂದ.

‘ಒಬ್ಬರು ಮಾತ್ರ ನಾಲ್ಕೂ ತುಂಬಿಸಿದ್ದಾರೆ. ನಾನು ಹದಿನೆಂಟು ಸಂಸ್ಥೆಗಳಲ್ಲಿ ಈ ಕೆಲಸ ಮಾಡಿದ್ದೀನಿ, ಇಷ್ಟು ಪ್ರಾಮಾಣಿಕ ಹಾಳೆ ನೋಡಿಲ್ಲ. ಮೊದಲು ಅವಕಾಶ: “ಮುಂದಿನ ಜನ್ಮದಲ್ಲಿ ನೋಡೋಣ.” ಅಂದ್ರೆ ಬೇರೆ ಕೆಲಸ ಹುಡುಕಿ ಬಿಟ್ಟುಹೋಗೋರಲ್ಲ. ಅಪಾಯ: “ಇವರಿಂದ ಯಾರಿಗೂ ಅಪಾಯವಿಲ್ಲ.” ಲಾರಿಯವರ ಜೊತೆ ಕೈ ಮಿಲಾಯಿಸಲ್ಲ. ದೌರ್ಬಲ್ಯದಲ್ಲಿ ಮ್ಯಾನೇಜರೇ ಬರೆದಿದ್ದಾರೆ, “ಕಣ್ಣಿಗೆ ಬೀಳುವುದಿಲ್ಲ.” ಆ ಜಾಗಕ್ಕೆ ಅದು ವರವೇ. ಇನ್ನು ಬಲ.’ ಅವಳು ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ‘“ಯಾರು ಎಷ್ಟು ಬೈದರೂ ತಿರುಗಿ ಬೈಯುವುದಿಲ್ಲ.” ಆ ಡಿಪೊಗೆ ಬೇಕಾಗಿದ್ದ ಗುಣ ಇದೊಂದೇ. ಒಂದು ವರ್ಷದಿಂದ ಹುಡುಕ್ತಿದ್ವಿ.’

ಕ್ಯಾಂಟೀನಿನಲ್ಲಿ ಚಪ್ಪಾಳೆ ಬಿತ್ತು. ಐವತ್ತೊಂದು ಜನರ ಚಪ್ಪಾಳೆ, ಬದುಕಿ ಉಳಿದವರದು, ಗಟ್ಟಿಯಾಗಿಯೇ ಇತ್ತು. ಎಲ್ಲಕ್ಕಿಂತ ಗಟ್ಟಿಯಾಗಿ ಸ್ಪ್ರಿಂಗ್ ತಟ್ಟಿದ.

ಸೊನ್ನೆ ಒಂದು ಹೆಜ್ಜೆ ಮುಂದೆ ಬಂದ. ‘ಮೇಡಂ, ನನಗೆ ಆಗಲ್ಲ. ಮನೇಲಿ…’

‘ಮನೆಯವರೇ ಸಹಿ ಹಾಕಿದ್ದಾರಲ್ಲ,’ ಎಂದಳು ಸಲಹೆಗಾರ್ತಿ ಮೃದುವಾಗಿ. ‘ಒಬ್ಬರಲ್ಲ, ಮೂವರು.’

‘ಅದಲ್ಲ ಮೇಡಂ, ಅತ್ತೆಯವರನ್ನ ದಿನಾ…’

‘ಏನ್ರೀ ಅದು ಮಧ್ಯೆ?’ ಮ್ಯಾನೇಜರ ದನಿ ತಗಡಿನ ಚಾವಣಿಗೆ ಬಡಿದು ಕೆಳಗೆ ಬಿತ್ತು. ‘ಹದಿಮೂರು ವರ್ಷದಲ್ಲಿ ಒಂದು ಸಲ ಹೆಸರು ಬಂದಿದ್ದಕ್ಕೇ ಈ ಗತ್ತಾ? ಕೆಲಸ ಬೇಕೋ ಬೇಡ್ವೋ ನಿಮಗೆ? ಸೋಮವಾರ ಬೆಳಿಗ್ಗೆ ಡಿಪೊಲಿರ್ಬೇಕು. ಇನ್ನೊಂದು ಮಾತಾಡಿದ್ರೆ ನೋಡಿ.’

ಇಡೀ ಕ್ಯಾಂಟೀನು ಸೊನ್ನೆಯ ಬಾಯಿಯನ್ನೇ ನೋಡಿತು. ತಿರುಗಿ ಒಂದು ಮಾತು ಬೈದಿದ್ದರೆ ಸಾಕಿತ್ತು, ಬಲದ ಚೌಕದ ಆ ಸಾಲು ಅಲ್ಲೇ ಸುಳ್ಳಾಗುತ್ತಿತ್ತು, ಅವನು ಉಳಿದುಕೊಳ್ಳುತ್ತಿದ್ದ. ಇದು ಅವನಿಗೂ ಹೊಳೆಯಿತು. ಬಾಯಿ ತೆರೆದ. ಹುಡುಕಿದ. ಬೈಗುಳವೆಂದರೆ ಕೂತಲ್ಲಿಗೆ ಬರುವ ವಸ್ತುವಲ್ಲ, ಅಭ್ಯಾಸ ಬೇಕು. ಬೆರಳು ಹಿಡಿದುಕೊಂಡು ಮಗಳು ಬೇರೆ ಕತ್ತೆತ್ತಿ ನೋಡುತ್ತಿದ್ದಳು, ತಾನು ಬರೆದದ್ದು ನಿಜವಾಗುತ್ತದೆಯೇ ಎಂದು.

‘ಹೂಂ,’ ಎಂದ ಸೊನ್ನೆ.

ಸಲಹೆಗಾರ್ತಿ ಬಲದ ಚೌಕದಲ್ಲಿ, ಆ ಸಾಲಿನ ಮುಂದೆ, ಸರಿ ಎಂದು ಗುರುತು ಹಾಕಿದಳು.

ದಾರಿಯುದ್ದಕ್ಕೂ ಮಗಳು ಕುಣಿಯುತ್ತ ಬಂದಳು. ‘ಅಪ್ಪಾ, ಅಷ್ಟೊಂದು ಜನ ಚಪ್ಪಾಳೆ ಹೊಡೆದ್ರಲ್ಲ, ನಾನು ಬರೆದದ್ದು ಪಾಸಾಯ್ತಾ?’

‘ಪಾಸಾಯ್ತು ಪುಟ್ಟಿ.’

‘ಎಷ್ಟಕ್ಕೆ ಎಷ್ಟು?’

‘ಇಪ್ಪತ್ತೈದಕ್ಕೆ ಇಪ್ಪತ್ತೈದು.’

ಎರಡನೇ ಮಹಡಿಯಲ್ಲಿ ಮೇಷ್ಟ್ರು ಬಾಗಿಲು ತೆರೆದು ಫಲಿತಾಂಶ ಕೇಳಲು ನಿಂತಿದ್ದರು. ಸೊನ್ನೆ ತಲೆತಗ್ಗಿಸಿ ದಾಟಿದ.

ಮನೆಯಲ್ಲಿ ಹೆಂಡತಿ ಆಗಲೇ ಬಂದಿದ್ದಳು. ಸುಕ್ಕುಗಟ್ಟಿದ ಬೆರಳುಗಳಲ್ಲಿ ಲಾಂಡ್ರಿಯ ಒಂದು ಒದ್ದೆ ಚೀಟಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಅಪರೂಪದ ಒಂದು ನಗು.

‘ರೀ, ತಡವಾಯ್ತೇನೋ. ಬೆಳಿಗ್ಗೆಯಿಂದ ಚಾದರ ಹಿಂಡ್ತಾ ಹಿಂಡ್ತಾ ಅದೇ ಯೋಚನೆ. ನೂರಾ ಎಂಬತ್ತು ಚಾದರ ಆದ ಮೇಲೆ ಒಂದು ಸಿಕ್ತು. ಬಲದ್ದು.’

‘ಏನು?’ ಎಂದ ಸೊನ್ನೆ.

ಅವಳು ಚೀಟಿ ಬಿಡಿಸಿ ಓದಿದಳು. ‘“ಏನೇ ಆಗಲಿ, ಸಂಜೆ ಆರು ಗಂಟೆಗೆ ಮನೆಯಲ್ಲಿರುತ್ತಾರೆ.” ಅಷ್ಟೇ. ಇದನ್ನ ಬಲ ಅಂತ ಒಪ್ಕೋತಾರೇನ್ರೀ?’

ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಆರು ಗಂಟೆ.

ಕಿಟಕಿ ಪಕ್ಕದ ಕುರ್ಚಿಯಿಂದ ಅತ್ತೆ ಕೂಗಿದರು: ‘ಅದನ್ನ ದೌರ್ಬಲ್ಯದಲ್ಲಿ ಬರಿಯೇ. ನಾನೇ ಹೇಳ್ಬೇಕು ಅಂತಿದ್ದೆ, ಬೆಳಿಗ್ಗೆ ಮರೆತೋಯ್ತು.’